ಮೊದಲು ಉಪ್ಪನ್ನು ವಿಚಾರಿಸು

ಲೇಸರ್ ಡಿಟೆಕ್ಟರ್ ಬೇಕೆಂದು ಅರ್ಜಿ ಬರೆಯಲು ಕೂತಿದ್ದೀಯಂತೆ. ಬರೆಯಬೇಡ ಅನ್ನುವುದಿಲ್ಲ ಕಣಮ್ಮ, ಕೊಟ್ಟರೆ ಬೇಡವೆನ್ನುವವರು ಯಾರು? ಆದರೆ ಅದು ಮಂಜೂರಾಗಿ ಬರುವಷ್ಟರಲ್ಲಿ ನಿನ್ನ ಫೆಲೋಶಿಪ್ಪೇ ಮುಗಿದೀತು. ಮೇಲಾಗಿ ನಿನ್ನ ಅಣು ತಾನಾಗಿ ಹೊಳೆಯದಿದ್ದರೆ ಅದಕ್ಕೊಂದು ಹೊಳೆಯುವ ಬಣ್ಣ ಅಂಟಿಸುವ ಕೆಲಸವೂ ತಲೆಗೆ ಬೀಳುತ್ತದೆ. ಇರುವ ಯುವಿ ಡಿಟೆಕ್ಟರಿನಿಂದಲೇ ಎಷ್ಟು ಹಿಂಡಬಹುದು, ಅದನ್ನು ನೋಡು.

ಕ್ಯಾಪಿಲರಿ ಎಲೆಕ್ಟ್ರೊಫೊರೆಸಿಸ್ಸಿಗೆ ಕಣ್ಣು ಮಂದ ಯಾಕೆ ಎಂದು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕು. 50 ಮೈಕ್ರೋಮೀಟರ್ ಒಳವ್ಯಾಸ, 50 ಸೆಂಟಿಮೀಟರ್ ಉದ್ದದ ಕೊಳವೆ ಹಿಡಿಯುವುದು ಒಂದು ಮೈಕ್ರೋಲೀಟರಿಗಿಂತ ತುಸು ಕಡಿಮೆ. ಅದರಲ್ಲಿ ಸ್ಯಾಂಪಲ್ಲಿಗೆ ಸಿಗುವುದು ನೂರರಲ್ಲಿ ಒಂದು ಪಾಲು, ಅಂದರೆ 10 ನ್ಯಾನೋಲೀಟರ್. ಬೆಳಕು ಹಾಯುವ ದಾರಿಯೂ ಅದೇ 50 ಮೈಕ್ರೋಮೀಟರ್; ಒಂದು ಸೆಂಟಿಮೀಟರ್ ಕ್ಯುವೆಟ್ಟಿನ ಇನ್ನೂರರಲ್ಲಿ ಒಂದು ಭಾಗ. ಹಾಗಿದ್ದರೆ ಹೆಚ್ಚು ಸ್ಯಾಂಪಲ್ ತುಂಬಿದರಾಯಿತಲ್ಲ ಎಂದರೆ ಪೀಕುಗಳು ಅಗಲವಾಗಿ ಒಂದರ ಮೇಲೊಂದು ಬೀಳುತ್ತವೆ. ಹೆಚ್ಚು ತುಂಬಬೇಕು, ಆದರೆ ಕೊಳವೆಯೊಳಗೇ ಅದನ್ನು ಕಿರಿದು ಮಾಡಬೇಕು. ಸ್ಟ್ಯಾಕಿಂಗ್ ಎನ್ನುವುದು ಇದನ್ನೇ.

ಕೊಳವೆಯ ಉದ್ದಕ್ಕೂ ಹರಿಯುವ ಕರೆಂಟ್ ಒಂದೇ. ಸ್ಯಾಂಪಲ್ಲನ್ನು ಹತ್ತು ಪಟ್ಟು ತೆಳು ಮಾಡಿದ ಬಫರಿನಲ್ಲಿ ಕರಗಿಸಿದರೆ ಆ ತುಂಡಿನಲ್ಲಿ ರೋಧ ಹೆಚ್ಚು, ವಿದ್ಯುತ್ ಕ್ಷೇತ್ರವೂ ಅಲ್ಲೇ ಜೋರು. ಅಯಾನುಗಳು ಅಲ್ಲಿ ಓಡುತ್ತವೆ. ಗಟ್ಟಿ ಬಫರಿನ ಗಡಿ ಮುಟ್ಟಿದೊಡನೆ, ಟೋಲ್ ಗೇಟಿನೆದುರು ಕಾರುಗಳು ಬಂದು ಒತ್ತುವ ಹಾಗೆ, ಒಂದು ತೆಳು ಪಟ್ಟಿಯಾಗಿ ಒತ್ತುತ್ತವೆ. ಹತ್ತರ ಬದಲು ನೂರು ಪಟ್ಟು ತೆಳು ಮಾಡಿದರೆ ಇನ್ನೂ ಲಾಭವೆಂದು ಆಸೆಪಡಬೇಡ. ಎರಡು ಕಡೆಯ ಎಲೆಕ್ಟ್ರೋಆಸ್ಮೋಸಿಸ್ ಹರಿವಿನ ವೇಗ ತಾಳೆಯಾಗದೆ ಒಳಗೆ ಒತ್ತಡ ಹುಟ್ಟಿ, ಕೂಡಿದ ಪಟ್ಟಿ ಮತ್ತೆ ಕದಡುತ್ತದೆ. 1990ರ ದಶಕದ ಆರಂಭದಲ್ಲೇ ಚಿಯೆನ್ ಮತ್ತು ಬರ್ಗಿ ಎಂಬ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ಋಣ ಅಯಾನುಗಳಾದರೆ ಕೊಳವೆಯ ಬಹುಪಾಲು ಸ್ಯಾಂಪಲ್ಲನ್ನೇ ತುಂಬಿ, ಧ್ರುವ ತಿರುಗಿಸಿ ವೋಲ್ಟೇಜ್ ಕೊಡುವ ದಾರಿಯಿದೆ. ಆಗ ಕಣ್ಣು ಪರದೆಯ ಕರೆಂಟಿನ ಮೇಲೇ ಇರಲಿ. ಮೊದಲು ಅದು ತಳದಲ್ಲೇ ತೆವಳುತ್ತದೆ. ತೆಳು ದ್ರವ ಹಿಂದಿನ ಬಾಯಿಂದ ಆಚೆ ಹೋದಂತೆಲ್ಲ ಮೆಲ್ಲಗೆ ಏರುತ್ತದೆ, ಕೊನೆಗೆ ಗಬಕ್ಕನೆ ಮೇಲೇಳುತ್ತದೆ. ಬರೀ ಬಫರಿನಲ್ಲಿ ಬರುವ ಕರೆಂಟಿನ ಶೇ. 95ರಷ್ಟು ಮುಟ್ಟುತ್ತಿದ್ದಂತೆ ಧ್ರುವವನ್ನು ಮೊದಲಿನಂತೆ ಮಾಡು. ಆ ಹೊತ್ತಿಗೆ ಫೋನ್ ನೋಡುತ್ತ ಕೂತರೆ ಕೂಡಿಟ್ಟದ್ದೆಲ್ಲ ಅದೇ ಬಾಯಿಂದ ಹೊರಗೆ.

ಇಷ್ಟೆಲ್ಲ ನಡೆಯುವುದು ಸ್ಯಾಂಪಲ್ಲಿನಲ್ಲಿ ಉಪ್ಪಿಲ್ಲದಿದ್ದರೆ ಮಾತ್ರ. ನೀರಿನಲ್ಲಿ ಕರಗಿಸಿದ ಸ್ಟ್ಯಾಂಡರ್ಡ್ ಸೂಜಿಮೊನೆಯಂಥ ಪೀಕ್ ಕೊಟ್ಟಿತೆಂದು ಹಿಗ್ಗಿದ ಹುಡುಗರು ಸೀರಮ್ ಹಾಕಿದ ದಿನ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ರಕ್ತದಲ್ಲಿ ಸೋಡಿಯಂ ಒಂದೇ ಲೀಟರಿಗೆ ಸುಮಾರು 140 ಮಿಲಿಮೋಲ್. ಅಲ್ಲಿ ಕ್ಷೇತ್ರ ಕುಗ್ಗುತ್ತದೆ, ಅಯಾನುಗಳು ಕೂಡುವ ಬದಲು ಚದುರುತ್ತವೆ. ಆದ್ದರಿಂದ ವಿಧಾನ ಆರಿಸುವ ಮುಂಚೆ ಸ್ಯಾಂಪಲ್ಲಿನ ಕಂಡಕ್ಟಿವಿಟಿ ಅಳೆ. ಎರಡು ನಿಮಿಷದ ಕೆಲಸ. ಯಾಕೋ ಯಾರೂ ಮಾಡುವುದಿಲ್ಲ.

ಉಪ್ಪು ತೆಗೆಯಲು ಸಿ-18 ಕಾರ್ಟ್ರಿಜ್ ಇದೆ. ಅದಕ್ಕಿಂತ ನನಗೆ ಇಷ್ಟವಾದದ್ದು ಶಿಹಾಬಿ ಎಂಬ ಸಂಶೋಧಕರ ಉಪಾಯ: ಒಂದು ಪಾಲು ಸೀರಮ್ಮಿಗೆ ಎರಡು ಪಾಲು ಅಸಿಟೋನೈಟ್ರೈಲ್. ಪ್ರೋಟೀನು ಒಡೆದು ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ನೇರವಾಗಿ ತುಂಬಬಹುದು. ಸ್ಯಾಂಪಲ್ಲಿನ ಕ್ಲೋರೈಡು ಮುಂದೆ ಓಡುವ ಅಯಾನಿನ ಪಾತ್ರ ವಹಿಸಿ ಪಟ್ಟಿಯನ್ನು ಬಿಗಿಯುತ್ತದೆ. ಕಾಟ ಕೊಡುತ್ತಿದ್ದ ಉಪ್ಪೇ ಇಲ್ಲಿ ಕೂಲಿಯಿಲ್ಲದೆ ದುಡಿಯುತ್ತದೆ.

ವಿದ್ಯುದಂಶವೇ ಇಲ್ಲದ ಅಣುಗಳಿಗೆ ಸ್ವೀಪಿಂಗ್ ನೋಡು: ಬಫರಿನಲ್ಲಿರುವ ಮಿಸೆಲ್ಲುಗಳು, ಅಂದರೆ ಸೋಪಿನಂಥ ಅಣುಗಳ ಗುಚ್ಛಗಳು, ಸ್ಯಾಂಪಲ್ಲಿನೊಳಗೆ ನುಗ್ಗಿ ಅಣುಗಳನ್ನು ಬಾಚಿಕೊಂಡು ಬರುತ್ತವೆ. ಜಪಾನಿನಲ್ಲಿ ಕ್ವಿರಿನೊ ಮತ್ತು ತೆರಾಬೆ 1998ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ 5000 ಪಟ್ಟಿಗೂ ಮಿಗಿಲಾದ ಸಾಂದ್ರೀಕರಣ ತೋರಿಸಿದರು. 2000ದಲ್ಲಿ, ಧನ ಅಯಾನುಗಳನ್ನು ವಿದ್ಯುತ್ತಿನಿಂದಲೇ ಒಳಗೆಳೆದುಕೊಂಡು ಆಮೇಲೆ ಸ್ವೀಪಿಂಗ್ ಮಾಡಿ, ಹತ್ತು ಲಕ್ಷ ಪಟ್ಟಿನ ಸಮೀಪಕ್ಕೆ ಹೋದರು. ಅಪ್ರತಿಮ ಕೆಲಸ. ಆದರೆ ಪಟ್ಟು ಎನ್ನುವುದು ಸಾಮಾನ್ಯ ಇಂಜೆಕ್ಷನ್ನಿಗೆ ಹೋಲಿಸಿದ ಮಾತು, ಮತ್ತು ಅಣು ಮಿಸೆಲ್ಲಿಗೆ ಎಷ್ಟು ಅಂಟುತ್ತದೆ ಎಂಬುದರ ಮೇಲೆ ನಿಂತದ್ದು. ಥೀಸಿಸ್ಸಿನಲ್ಲಿ ಪಟ್ಟು ಬರೆದು ಬೀಗಬೇಡ. ನಿಜವಾದ ಸೀರಮ್ಮಿನಲ್ಲಿ ಕೊನೆಗೆ ಎಷ್ಟು ಕಂಡಿತು, ಅದನ್ನು ಬರೆ.

ವಿದ್ಯುತ್ತಿನಿಂದ ಒಳಗೆಳೆಯುವ ಇಂಜೆಕ್ಷನ್ ಮಾಡಿದರೆ ಒಂದು ವಯಲ್ಲನ್ನು ಒಂದೇ ಸಲ ಬಳಸು. ಎರಡನೇ ಸಲಕ್ಕೆ ಅದರಲ್ಲಿ ಅಯಾನುಗಳು ಆಗಲೇ ಕಡಿಮೆಯಾಗಿರುತ್ತವೆ. ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕದೆ ಒಂದು ರನ್ನೂ ಬೇಡ. ಖಾಲಿ ನೀರನ್ನೂ ಇದೇ ವಿಧಾನದಲ್ಲಿ ಓಡಿಸು, ಏಕೆಂದರೆ ಸ್ಟ್ಯಾಕಿಂಗ್ ನಿನ್ನ ಅಣುವನ್ನಷ್ಟೇ ಅಲ್ಲ, ಪ್ಲಾಸ್ಟಿಕ್ ಟ್ಯೂಬಿನಿಂದ ಬಂದ ಕಸವನ್ನೂ ಅಷ್ಟೇ ಪ್ರೀತಿಯಿಂದ ಕೂಡಿಹಾಕುತ್ತದೆ.