ಕಳಚಿದ ಮನೆಯ ಇಟ್ಟಿಗೆ

ಹಳೆಯ ಮನೆಯೊಂದನ್ನು ಕೆಡವುವ ಸ್ಥಳದಲ್ಲಿ ನಾವು ಎಷ್ಟೋ ಸಲ ನಿಂತು ನೋಡಿದ್ದೇವೆ. ಮೊದಲು ಹೆಂಚು ಇಳಿಯುತ್ತದೆ; ಅನಂತರ ರೀಪು, ಜಂತೆ, ತೊಲೆ; ಬಳಿಕ ಬಾಗಿಲು ಕಿಟಕಿಗಳು; ಕಡೆಗೆ ಗೋಡೆಯ ಇಟ್ಟಿಗೆ. ಕೆಲಸಗಾರನು ಇಟ್ಟಿಗೆಗೆ ಅಂಟಿದ ಗಾರೆಯನ್ನು ಮೆಲ್ಲಗೆ ತಟ್ಟಿ ಉದುರಿಸಿ ಒಂದರ ಮೇಲೊಂದಾಗಿ ಪೇರಿಸಿಡುತ್ತಾನೆ. ಪಕ್ಕದ ಬೀದಿಯಲ್ಲಿ ಈಚೆಗೆ ಸಿಮೆಂಟಿನಿಂದ ಕಟ್ಟಿದ ಗೋಡೆಯನ್ನು ಕೆಡವುವಾಗ ಕಾಣುವ ನೋಟವೇ ಬೇರೆ. ಯಂತ್ರದ ಹೊಡೆತಕ್ಕೆ ಗೋಡೆಯು ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಇಡಿಯಾದ ಇಟ್ಟಿಗೆ ದೊರೆಯುವುದೇ ಕಷ್ಟ. ಎರಡು ಗೋಡೆಗಳಲ್ಲಿಯೂ ಇದ್ದುದು ಸುಟ್ಟ ಮಣ್ಣೇ. ಹಾಗಾದರೆ ಒಂದು ಮತ್ತೊಂದು ಮನೆಗೆ ಒದಗಿ, ಇನ್ನೊಂದು ಹಳ್ಳ ತುಂಬಲು ಹೋಗುವುದೇಕೆ? ಈ ಪ್ರಶ್ನೆಯನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರ ಮಾಡೋಣ.

ಇಟ್ಟಿಗೆಯಲ್ಲಿ ಅಡಗಿರುವ ಶಾಖ

ಮೊದಲಿಗೆ ಒಂದು ಇಟ್ಟಿಗೆಯ ನಿಜವಾದ ಬೆಲೆಯೆಷ್ಟೆಂಬುದನ್ನು ಲೆಕ್ಕ ಹಾಕೋಣ. ಅದರ ತೂಕ 3 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗೂಡಿನಲ್ಲಿ ಅದನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಒಂದು ಕಿಲೋಗ್ರಾಂ ಮಣ್ಣಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸಲು ಸುಮಾರು 840 ಜೂಲ್ ಶಾಖ ಬೇಕು. 25 ಡಿಗ್ರಿಯಿಂದ ಆರಂಭಿಸಿದರೆ ಏರಿಕೆ 975 ಡಿಗ್ರಿ. ಆದುದರಿಂದ ಬೇಕಾಗುವ ಶಾಖ 3 × 840 × 975, ಅಂದರೆ 24,57,000 ಜೂಲ್. ಹಸಿ ಇಟ್ಟಿಗೆಯ ತೇವವನ್ನು ಆರಿಸುವುದಕ್ಕೆ ತಗಲುವ ಶಾಖವೂ, ಗೂಡಿನಿಂದ ಸೋರಿಹೋಗುವ ಶಾಖವೂ ಇದರಲ್ಲಿ ಸೇರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಇಟ್ಟಿಗೆಯ ತಯಾರಿಕೆಗೆ ತಗಲುವ ಶಕ್ತಿಯನ್ನು 42,50,000 ಜೂಲ್ ಎಂದು ಗಣಿಸಿದ್ದಾರೆ.

ಈಗ ಅದೇ ಇಟ್ಟಿಗೆಯನ್ನು ನೆಲದಿಂದ 10 ಮೀಟರ್ ಎತ್ತರಕ್ಕೆ ಏರಿಸುವ ಕೆಲಸವನ್ನು ಲೆಕ್ಕ ಹಾಕಿ: 3 × 9.8 × 10, ಅಂದರೆ 294 ಜೂಲ್ ಮಾತ್ರ! ಬೆವರು ಸುರಿಸಿ ಇಟ್ಟಿಗೆ ಹೊರುವವನ ಶ್ರಮವು ನಮ್ಮ ಕಣ್ಣಿಗೆ ಕಾಣುತ್ತದೆ. ಅದರ ಎಂಟು ಸಾವಿರ ಪಟ್ಟಿಗೂ ಮಿಕ್ಕ ಶಾಖವು ಗೂಡಿನಲ್ಲಿ ವೆಚ್ಚವಾದುದು ಕಾಣುವುದಿಲ್ಲ. ಆ ಶಾಖ ಆಗಲೇ ಗಾಳಿಗೆ ಸೇರಿಹೋಯಿತು. ಅದನ್ನು ಮರಳಿ ಪಡೆಯಲಾಗದು. ಆದರೆ ಅದು ಮಣ್ಣಿನ ಕಣಗಳನ್ನು ಬೆಸೆದು, ನೀರಿನಲ್ಲಿ ಕರಗದ ಗಟ್ಟಿ ವಸ್ತುವನ್ನು ಉಳಿಸಿಹೋಯಿತು. ಇಡೀ ಇಟ್ಟಿಗೆಯನ್ನು ಉಳಿಸಿಕೊಂಡರೆ ಆ ವೆಚ್ಚ ಸಾರ್ಥಕ. ಅದನ್ನು ಪುಡಿ ಮಾಡಿದೆವೋ, ಹೊಸ ಇಟ್ಟಿಗೆಗಾಗಿ ಮತ್ತೆ ಗೂಡಿಗೆ ಬೆಂಕಿ ಹಾಕಲೇಬೇಕು.

ಗಾರೆಯ ಗುಟ್ಟು

ಗೋಡೆಯ ಮೇಲೆ ಬಲ ಪ್ರಯೋಗವಾದಾಗ ಬಿರುಕು ಅತ್ಯಂತ ದುರ್ಬಲವಾದ ದಾರಿಯನ್ನು ಹಿಡಿಯುತ್ತದೆ. ಹಳೆಯ ಮನೆಯಲ್ಲಿ ಆ ದಾರಿ ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ 100 ಕಿಲೋಗ್ರಾಂ ಶುದ್ಧ ಕಲ್ಲಿನಿಂದ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬಿದ್ದು, 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದನ್ನು ನೀರಿನಲ್ಲಿ ಅರಳಿಸಿ ಮರಳು ಬೆರೆಸಿದರೆ ಗಾರೆ. ಗೋಡೆಯಲ್ಲಿ ಕುಳಿತ ಸುಣ್ಣವು ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಈ ಕಲ್ಲು ಇಟ್ಟಿಗೆಗಿಂತ ಮೆದು. ಆದುದರಿಂದ ಪೆಟ್ಟು ಬಿದ್ದಾಗ ಗಾರೆ ಒಡೆಯುತ್ತದೆ, ಇಟ್ಟಿಗೆ ಉಳಿಯುತ್ತದೆ.

ಸಿಮೆಂಟಿನ ಸ್ವಭಾವ ಬೇರೆ. ಸುಮಾರು 1450 ಡಿಗ್ರಿಯಲ್ಲಿ ಸಿದ್ಧವಾಗುವ ಈ ಪುಡಿ ನೀರಿನೊಡನೆ ಸಂಯೋಗ ಹೊಂದಿ ಗಟ್ಟಿಯಾಗುತ್ತದೆ; ಇಟ್ಟಿಗೆಯ ಸೂಕ್ಷ್ಮ ರಂಧ್ರಗಳೊಳಗೂ ಬೇರೂರುತ್ತದೆ. ಮಿಶ್ರಣ ಬಲವಾಗಿದ್ದರೆ ಬಿರುಕು ಗಾರೆಯನ್ನು ಬಿಟ್ಟು ಇಟ್ಟಿಗೆಯನ್ನೇ ಸೀಳುತ್ತದೆ. ಇದು ಸಿಮೆಂಟಿನ ದೋಷವಲ್ಲ. ಹಲವು ಅಂತಸ್ತಿನ ಕಟ್ಟಡಕ್ಕೆ, ಭೂಕಂಪದ ಪ್ರದೇಶಕ್ಕೆ ಬಲವೇ ಮುಖ್ಯ. ಆದರೆ ಸಾಮಾನ್ಯವಾದ ಸಣ್ಣ ಮನೆಯ ಗೋಡೆಗೆ ಇಟ್ಟಿಗೆಯನ್ನು ಮೀರಿಸುವ ಗಾರೆ ಅಗತ್ಯವಿಲ್ಲ. ಒಂದು ಭಾಗ ಸಿಮೆಂಟು, ಒಂದು ಭಾಗ ಸುಣ್ಣ, ಆರು ಭಾಗ ಮರಳು ಸೇರಿದ ಮಿಶ್ರಗಾರೆಯು ಇದಕ್ಕೆ ಒಪ್ಪುವ ಮಧ್ಯಮಾರ್ಗ.

ಗಾರೆಯೇ ಇಲ್ಲದ ಜೋಡಣೆಗೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಮಂಗಳೂರು ಹೆಂಚಿನ ಒಂದು ಅಂಚಿನ ಏಣು ಪಕ್ಕದ ಹೆಂಚಿನ ಗಾಡಿಯೊಳಗೆ ಕೂರುತ್ತದೆ. ತನ್ನ ತೂಕದಿಂದಲೇ ರೀಪಿನ ಮೇಲೆ ನಿಲ್ಲುತ್ತದೆ. ಆದುದರಿಂದಲೇ ಅಜ್ಜನ ಮನೆಯ ಹೆಂಚು ಮೊಮ್ಮಗನ ಕೊಟ್ಟಿಗೆಗೆ ಒದಗುತ್ತದೆ.

ಕಾಂಕ್ರೀಟಿನ ಗತಿ

ಕಾಂಕ್ರೀಟನ್ನು ಹೀಗೆ ಕಳಚಲಾಗದು; ಒಡೆಯಲೇಬೇಕು. ಒಳಗಿನ ಉಕ್ಕಿನ ಸರಳನ್ನು ಕರಗಿಸಿ ಹೊಸ ಉಕ್ಕು ಮಾಡಬಹುದು. ಒಡೆದ ತುಂಡುಗಳನ್ನು ಜಲ್ಲಿಯಾಗಿ ಬಳಸಬಹುದು. ಆದರೆ ಅವಕ್ಕೆ ಅಂಟಿದ ಹಳೆಯ ಗಾರೆ ಹೆಚ್ಚು ನೀರು ಹೀರುತ್ತದೆ. ಭಾರತೀಯ ಮಾನಕ ಸಂಸ್ಥೆಯು 2016ರಲ್ಲಿ ಪರಿಷ್ಕರಿಸಿದ ಮಾನಕವು ಸರಳಿಲ್ಲದ ಕಾಂಕ್ರೀಟಿನ ದಪ್ಪ ಜಲ್ಲಿಯಲ್ಲಿ ನೂರಕ್ಕೆ 25 ಭಾಗದವರೆಗೂ, ಸಾಧಾರಣ ದರ್ಜೆಯ ಸರಳು ಕಾಂಕ್ರೀಟಿನಲ್ಲಿ 20 ಭಾಗದವರೆಗೂ ಇಂಥ ಜಲ್ಲಿಗೆ ಅನುಮತಿಯಿತ್ತಿತು. ಇದು ಬೆಟ್ಟವನ್ನು ಸ್ವಲ್ಪ ಉಳಿಸುತ್ತದೆ ನಿಜ. ಆದರೆ ಸಿಮೆಂಟಿಗೆ ವೆಚ್ಚವಾದ ಶಾಖ ಮರಳಿ ಬರುವುದಿಲ್ಲ.

ನೀವೇ ಪರೀಕ್ಷಿಸಿ

ಹಳೆಯ ಇಟ್ಟಿಗೆಯೆಲ್ಲ ಯೋಗ್ಯವೆಂದು ತಿಳಿಯಬಾರದು. ಎರಡು ಇಟ್ಟಿಗೆಗಳನ್ನು ಪರಸ್ಪರ ತಟ್ಟಿ ನೋಡಿ. ಕಣಕಣ ನಾದ ಬಂದರೆ ಒಳಗೆ ಬಿರುಕಿಲ್ಲ. ಬೊದ್ದು ಸದ್ದು ಬಂದರೆ ಸಂದೇಹಿಸಬೇಕು. ಬಳಿಕ ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ತಣ್ಣೀರಿನಲ್ಲಿ ಮುಳುಗಿಸಿ, ಒರಸಿ, ಮತ್ತೆ ತೂಗಿರಿ. ಒಣ ತೂಕ 3 ಕಿಲೋಗ್ರಾಂ ಇದ್ದು ನೆನೆದ ತೂಕ 3.6 ಕಿಲೋಗ್ರಾಮನ್ನು ಮೀರಿದರೆ, ಅಂದರೆ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಹೀರಿದರೆ, ಭಾರ ಹೊರುವ ಗೋಡೆಗೆ ಅದನ್ನು ಬಳಸಕೂಡದು. ಆರಿದ ಮೇಲೆ ಮೈಮೇಲೆ ಬಿಳಿಯ ಉಪ್ಪು ದಟ್ಟವಾಗಿ ಮೂಡಿದರೂ ಅದು ಬೇಡ.

ಮುಂದೆ ಇಂಜಿನಿಯರುಗಳಾಗಿ, ಮನೆಯ ಯಜಮಾನರಾಗಿ ಗೋಡೆ ಕಟ್ಟಿಸುವವರು ನೀವೇ. ಗೋಡೆ ಎಷ್ಟು ಕಾಲ ನಿಂತೀತೆಂದು ಎಲ್ಲರೂ ಕೇಳುತ್ತಾರೆ. ಅದು ಇಳಿಯುವ ದಿನ ಏನು ಉಳಿದೀತೆಂದು ನೀವು ಕೇಳಿರಿ. ಅದರ ಉತ್ತರ ನಿರ್ಧಾರವಾಗುವುದು ಕೆಡವುವ ದಿನವಲ್ಲ. ಇಟ್ಟಿಗೆಗೆ ಮೊದಲ ಕರಣೆ ಗಾರೆ ಹಚ್ಚಿದ ದಿನವೇ.