ಸಂಜೆಯ ಪ್ರಾರ್ಥನೆ: ಮೊದಲು ಕೃತಜ್ಞತೆ, ಆಮೇಲೆ ಬೇಡಿಕೆ



"ದಿನಾ ಸಂಜೆ ನಿಮ್ಮ ಮನೆಯಲ್ಲಿ ಅಷ್ಟು ಹೊತ್ತು ಎಂತ ಪ್ರಾರ್ಥನೆ? ದೇವರ ಹತ್ರ ಕೇಳಲಿಕ್ಕೆ ಅಷ್ಟೆಲ್ಲ ಉಂಟಾ?" ಎಂದು ನಮ್ಮ ತರಗತಿಯಲ್ಲಿ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಈ ಪಾಠ ಬರೆದಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಕ್ರೈಸ್ತರ ಸಂಜೆಯ ಪ್ರಾರ್ಥನೆಯಲ್ಲಿ ಬೇಡಿಕೆಗಿಂತ ಮೊದಲು ಬರುವುದು ಕೃತಜ್ಞತೆ.

ದೀಪ ಹಚ್ಚುವ ಹೊತ್ತು

ಈಗ ಸ್ವಿಚ್ಚು ಒತ್ತಿದರೆ ಬೆಳಕು. ಹಿಂದಿನ ಕಾಲದಲ್ಲಿ ಹಾಗಲ್ಲ. ಕತ್ತಲೆ ಎಂದರೆ ಕಳ್ಳರ ಭಯ, ಕಾಡುಪ್ರಾಣಿಗಳ ಭಯ. ಆದ್ದರಿಂದ ದೀಪ ಹಚ್ಚಿದ ಕೂಡಲೇ ದೇವರನ್ನು ನೆನೆಯುವುದು ಎಷ್ಟೋ ಧರ್ಮಗಳಲ್ಲಿ ಉಂಟು. ನಮ್ಮ ಊರಿನಲ್ಲೇ ನೋಡಿ, ಲೈಟು ಹಾಕಿದಾಗ ಕೈ ಮುಗಿಯುವ ಹಿರಿಯರು ಈಗಲೂ ಇದ್ದಾರೆ.

4ನೇ ಶತಮಾನದ ಕೊನೆಯಲ್ಲಿ ಎಗೇರಿಯ ಎಂಬ ಮಹಿಳೆ ಜೆರುಸಲೇಮಿಗೆ ಯಾತ್ರೆ ಹೋಗಿ, ಅಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾಳೆ. ಯೇಸುವಿನ ಸಮಾಧಿಯ ಗವಿಯೊಳಗೆ ಹಗಲೂ ರಾತ್ರಿ ಒಂದು ದೀಪ ಉರಿಯುತ್ತಿತ್ತಂತೆ. ಸಂಜೆ ಜನ ಸೇರಿದಾಗ ಆ ದೀಪದಿಂದಲೇ ಬೆಂಕಿ ತಂದು ಉಳಿದೆಲ್ಲ ದೀಪಗಳನ್ನು, ಮೇಣದ ಬತ್ತಿಗಳನ್ನು ಹಚ್ಚುತ್ತಿದ್ದರು. ಆಮೇಲೆ ಕೀರ್ತನೆ, ಪ್ರಾರ್ಥನೆ.

ಅದೇ ಶತಮಾನದಲ್ಲಿ ಬಾಳಿದ ಸಂತ ಬೆಸಿಲ್ ಎಂಬ ಬಿಷಪರೂ ದೀಪ ಹಚ್ಚುವಾಗ ಹೇಳುವ ಕೃತಜ್ಞತೆಯ ಹಾಡಿನ ಬಗ್ಗೆ ಬರೆದಿದ್ದಾರೆ. ಅವರ ಕಾಲಕ್ಕೇ ಅದು ಹಳೆಯ ಹಾಡು. ಕಟ್ಟಿದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಅದು 'ಫೋಸ್ ಹಿಲರಾನ್' ಎಂಬ ಗ್ರೀಕ್ ಹಾಡೇ ಎಂದು ತಿಳಿದವರು ಹೇಳುತ್ತಾರೆ. ಆ ಹೆಸರಿನ ಅರ್ಥ 'ಹರ್ಷ ತರುವ ಬೆಳಕು'. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಸಂಜೆ ಅದನ್ನು ಈಗಲೂ ಹಾಡುತ್ತಾರೆ. ಕೃತಜ್ಞತೆ ಮತ್ತು ಹರ್ಷ ಎರಡೂ ಒಂದೇ ದೀಪದ ಸುತ್ತ ಬಂದಿವೆ, ಗಮನಿಸಿ.

ಇಬ್ಬರ ಹಾಡು

ಬೈಬಲಿನ ಲೂಕನ ಸುವಾರ್ತೆಯಿಂದ ಎರಡು ಹಾಡುಗಳು ದಿನದ ಕೊನೆಯ ಪ್ರಾರ್ಥನೆಗೆ ಬಂದಿವೆ.

ಮೊದಲನೆಯದು 1ನೇ ಅಧ್ಯಾಯದಲ್ಲಿರುವ ಮರಿಯಮ್ಮನ ಹಾಡು. ಆಕೆ ನಜರೇತ್ ಎಂಬ ಸಣ್ಣ ಊರಿನ ಬಡ ಹುಡುಗಿ. ಬಂಧುವಾದ ಎಲಿಸಬೆತಳ ಮನೆಗೆ ಹೋದಾಗ ದೇವರನ್ನು ಕೊಂಡಾಡುತ್ತಾಳೆ. ದೇವರು ದೀನರನ್ನು ಮೇಲೆತ್ತುತ್ತಾನೆ, ಹಸಿದವರ ಹೊಟ್ಟೆ ತುಂಬಿಸುತ್ತಾನೆ ಎಂಬುದು ಅದರ ಸಾರ. ಆದರೆ ಆಗ ಆಕೆಯ ಬಡತನ ಹೋಗಿತ್ತೇ? ಇಲ್ಲ. ಕ್ರೂರಿಯಾದ ಹೆರೋದ ರಾಜನೇ ಆಳುತ್ತಿದ್ದ. ಏನೂ ಬದಲಾಗುವ ಮೊದಲೇ ಆಕೆ ಸಂತೋಷಪಟ್ಟಳು.

ಎರಡನೆಯದು 2ನೇ ಅಧ್ಯಾಯದ ಸಿಮೆಯೋನನ ಹಾಡು. ಅವನು ಬಹುಕಾಲ ಕಾದಿದ್ದವನು. ದೇವಾಲಯದಲ್ಲಿ ಮಗು ಯೇಸುವನ್ನು ಎತ್ತಿಕೊಂಡು, ಇನ್ನು ನಾನು ಸಮಾಧಾನದಿಂದ ಹೋಗಬಹುದು ಎನ್ನುತ್ತಾನೆ. ಮಲಗುವ ಮುಂಚಿನ ಪ್ರಾರ್ಥನೆಗೆ ಇದು ಎಷ್ಟು ಸರಿ ಅಲ್ವಾ?

ಕಥೊಲಿಕರು ಮೊದಲನೆಯದನ್ನು ಸಂಜೆಯ ಪ್ರಾರ್ಥನೆಯಲ್ಲೂ ಎರಡನೆಯದನ್ನು ರಾತ್ರಿಯ ಪ್ರಾರ್ಥನೆಯಲ್ಲೂ ಹೇಳುತ್ತಾರೆ. ಇಂಗ್ಲೆಂಡಿನ ಚರ್ಚಿನಲ್ಲಿ 1549ರ ಪ್ರಾರ್ಥನಾ ಪುಸ್ತಕದಿಂದ ಎರಡೂ ಒಂದೇ ಪ್ರಾರ್ಥನೆಯಲ್ಲಿ ಸೇರಿದವು. ಜರ್ಮನಿಯ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಸಣ್ಣ ಪುಸ್ತಕದಲ್ಲಿ ಮನೆಮಂದಿಗೂ ಒಂದು ಸಂಜೆಯ ಪ್ರಾರ್ಥನೆ ಉಂಟು. ದಿನವಿಡೀ ಕಾಪಾಡಿದ್ದಕ್ಕೆ ವಂದನೆ, ತಪ್ಪಿಗೆ ಕ್ಷಮೆ, ರಾತ್ರಿಗೆ ರಕ್ಷಣೆ, ಹೀಗೆ ಅದರ ಕ್ರಮ. ಕೊನೆಗೆ, ತಡಮಾಡದೆ ಸಂತೋಷದಿಂದ ನಿದ್ದೆ ಮಾಡಿ ಎಂದೂ ಹೇಳಿದ್ದಾರೆ. ನಾಳೆಯ ಚಿಂತೆಯನ್ನು ದೇವರ ಕೈಗೆ ಕೊಟ್ಟ ಮೇಲೆ ಎದ್ದು ಕೂತು ಕೊರಗುವುದು ಯಾಕೆ ಎಂಬ ಅರ್ಥ.

ನಮ್ಮ ಮನೆಯಲ್ಲಿ

ನಮ್ಮಂಥ ಕೊಂಕಣಿ ಕಥೊಲಿಕರ ಮನೆಗಳಲ್ಲಿ ಸಂಜೆ 'ತೇರ್ಸ್', ಎಂದರೆ ಜಪಮಾಲೆ ಪ್ರಾರ್ಥನೆ ನಡೆಯುತ್ತದೆ. ಹತ್ತು ಹತ್ತರ ಐದು ಸಾಲು ಮಣಿಗಳು. ಒಂದೊಂದು ಸಾಲಿಗೂ ಒಂದೊಂದು ಘಟನೆಯ ಧ್ಯಾನ. ಸೋಮವಾರ ಮತ್ತು ಶನಿವಾರ ಹರ್ಷದ ಐದು ಘಟನೆಗಳು. ಮೇಲೆ ಹೇಳಿದ ಮರಿಯಮ್ಮನ ಭೇಟಿಯೂ ದೇವಾಲಯದ ಸಿಮೆಯೋನನೂ ಅದರಲ್ಲಿ ಬರುತ್ತಾರೆ. ತೇರ್ಸ್ ಮುಗಿದ ಮೇಲೆ ಸಣ್ಣವರು ಹಿರಿಯರಿಂದ 'ಬೆಸಾಂವ್', ಅಂದರೆ ಆಶೀರ್ವಾದ ಬೇಡುತ್ತೇವೆ. ಅದಕ್ಕಿಂತ ಮೊದಲು ನಮ್ಮ ಮನೆಯಲ್ಲಿ ಅಜ್ಜಿಯ ಒಂದು ನಿಯಮ ಉಂಟು. ಆ ದಿನ ಸಿಕ್ಕಿದ ಒಂದು ಒಳ್ಳೆಯದನ್ನು ಎಲ್ಲರೂ ಬಾಯಿಬಿಟ್ಟು ಹೇಳಬೇಕು.

ಒಂದು ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂತು. ಮಳೆ ಬಿಡಲೇ ಇಲ್ಲ, ಎರಡನೇ ಸಲ ಮದ್ದು ಬಿಡಲಿಕ್ಕೆ ಆಗಲಿಲ್ಲ. ಬುಡದಲ್ಲಿ ಎಳೆ ಅಡಿಕೆ ರಾಶಿ ರಾಶಿ ಬಿದ್ದಿತ್ತು. ಆ ಸಂಜೆ ಅಪ್ಪನ ಸರದಿ ಬಂದಾಗ ಅವರು ಸುಮ್ಮನೆ ಕೂತರು.

"ಇವತ್ತು ಎಂತಕ್ಕೆ ವಂದನೆ ಹೇಳುವುದಮ್ಮಾ?" ಎಂದರು.

ಅಜ್ಜಿ ಹೇಳಿದರು, "ಅಡಿಕೆ ಹೋದದ್ದಕ್ಕೆ ಹೇಳು ಅಂತ ನಾನು ಹೇಳಲಿಲ್ಲ ಮಗಾ. ಅದಕ್ಕೆ ಬೇಕಾದರೆ ದೇವರ ಎದುರೇ ಅಳು. ಆದರೆ ಉಳಿದದ್ದು ಎಂತ ಅಂತ ಒಮ್ಮೆ ನೋಡು."

ತುಂಬ ಹೊತ್ತಿನ ಮೇಲೆ ಅಪ್ಪ "ಮರಗಳು ಉಳಿದಿವೆ" ಎಂದರು. ಸಾಲ ತೀರಲಿಲ್ಲ, ಆ ವರ್ಷ ಮನೆಯ ಖರ್ಚು ಬಿಗಿಯಾಗಿಯೇ ಇತ್ತು. ಆದರೆ ಆ ರಾತ್ರಿ ಅಪ್ಪ ಊಟ ಮಾಡಿದರು. ಹಿಂದಿನ ಎರಡು ರಾತ್ರಿ ಮಾಡಿರಲಿಲ್ಲ.

ಇದರಿಂದ ಕಲಿಯುವುದೇನು?

ಕೃತಜ್ಞತೆ ಎಂದರೆ ದುಃಖವನ್ನು ಮುಚ್ಚಿಡುವುದಲ್ಲ. ಬೈಬಲಿನ ಕೀರ್ತನೆಗಳಲ್ಲಿ ಸ್ತುತಿಯೂ ಉಂಟು, ಅಳುವೂ ಉಂಟು. ಹೋದದ್ದನ್ನು ಮನಸ್ಸು ತಾನಾಗಿ ಎಣಿಸುತ್ತದೆ. ಉಳಿದದ್ದನ್ನು ಎಣಿಸಲು ಅಭ್ಯಾಸ ಬೇಕು. ದಿನಾ ಸಂಜೆ ಒಂದೇ ಹೊತ್ತಿಗೆ ಪ್ರಾರ್ಥನೆ ಮಾಡುವುದು ಆ ಅಭ್ಯಾಸಕ್ಕಾಗಿ. ಒಳ್ಳೆಯ ದಿನ ಕಲಿತದ್ದು ಕೆಟ್ಟ ದಿನ ಕೈ ಹಿಡಿಯುತ್ತದೆ.

ನೀವು ಯಾವ ಧರ್ಮದವರೇ ಆಗಿರಿ, ನಿಮ್ಮ ಮನೆಯ ದೀಪದ ಎದುರು ಇವತ್ತು ಮಾಡಿ ನೋಡಿ:

1. ಇವತ್ತು ಸಿಕ್ಕಿದ ಒಂದು ಒಳ್ಳೆಯದನ್ನು ಹೆಸರಿಟ್ಟು ಹೇಳಿ.
2. ಅದು ಯಾರ ಕೈಯಿಂದ ಬಂತೋ ಅವರನ್ನು ನೆನೆಯಿರಿ.
3. ನಾಳೆಯ ಚಿಂತೆಯನ್ನು ದೇವರಿಗೆ ಒಪ್ಪಿಸಿ, ಸಂತೋಷದಿಂದ ಮಲಗಿ.

ಉತ್ತರಿಸಿ ನೋಡೋಣ:

ಅ) 'ಫೋಸ್ ಹಿಲರಾನ್' ಎಂದರೇನು?
ಆ) ಜೆರುಸಲೇಮಿನಲ್ಲಿ ದೀಪಗಳಿಗೆ ಬೆಂಕಿ ಎಲ್ಲಿಂದ ತರುತ್ತಿದ್ದರು?
ಇ) ನಿಮಗೆ ಇವತ್ತು ಉಳಿದದ್ದು ಏನು? (ಇದರ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ.)