ಗೌರವದ ಬಿಲ್ಲೆ

ಶಾಲೆ ಎಂದೊಡನೆ ಪಾಠ, ಪುಸ್ತಕ, ಪರೀಕ್ಷೆಗಳೇ ನೆನಪಿಗೆ ಬರುವುದು ಸಹಜ. ಆದರೆ ಒಳ್ಳೆಯ ಪ್ರೌಢಶಾಲೆಯಲ್ಲಿ ವೇಳಾಪಟ್ಟಿಯ ಅಂಚಿನಲ್ಲಿ ಇನ್ನೊಂದು ಶಾಲೆ ನಡೆಯುತ್ತಿರುತ್ತದೆ. ಅದು ವಿದ್ಯಾರ್ಥಿ ಸಂಘಗಳ ಶಾಲೆ. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಕ್ರೀಡಾ ಸಂಘ, ಸ್ಕೌಟು ಮತ್ತು ಗೈಡು ದಳಗಳೆಲ್ಲ ಅದರ ತರಗತಿಗಳು. ಇಲ್ಲಿ ಉಪಾಧ್ಯಾಯರು ಮಾರ್ಗದರ್ಶಕರು ಮಾತ್ರ. ಸಭೆ ಕರೆಯುವುದು, ನಡಾವಳಿ ಬರೆಯುವುದು, ವಂತಿಗೆಯ ಲೆಕ್ಕ ಇಡುವುದು, ಭಿನ್ನಾಭಿಪ್ರಾಯ ಬಂದಾಗ ಕೈ ಎತ್ತಿಸಿ ತೀರ್ಮಾನಿಸುವುದು ಎಲ್ಲವೂ ವಿದ್ಯಾರ್ಥಿಗಳ ಹೊಣೆ. ಹೀಗೆ ಹೊಣೆ ಹೊತ್ತು ಕಲಿತ ಪಾಠ ಬೇಗ ಮರೆತುಹೋಗುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲದಲ್ಲಿ ಸಂಘ ಕಟ್ಟುವ ಸಂಪ್ರದಾಯ ಹೊಸದಲ್ಲ. ಈ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಆಡಳಿತದಲ್ಲಿತ್ತು. ಈಗ ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸರಕಾರದ ಶಾಲೆಗಳು ವಿರಳವಾಗಿದ್ದ ಕಾಲದಲ್ಲಿ ಜನರೇ ಕೂಡಿ ವಿದ್ಯೆಯ ಭಾರವನ್ನು ಹೊತ್ತರು. 1916ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ ಮುಂದೆ ಕೊಟ್ಟೂರು, ಹಡಗಲಿಗಳಲ್ಲಿಯೂ ಕಾಲೇಜುಗಳನ್ನು ನಡೆಸಿತು. ಸಂಘವೊಂದು ಶಾಲೆಯನ್ನು ಕಟ್ಟಬಲ್ಲುದಾದರೆ, ಶಾಲೆಯೊಳಗಿನ ಸಂಘ ವಿದ್ಯಾರ್ಥಿಯನ್ನು ಕಟ್ಟಬಲ್ಲುದು.

ಇಂದು ಶಾಲೆಗಳಲ್ಲಿ ಕಾಣುವ ಹಲವು ಸಂಘಗಳಿಗೆ ದೀರ್ಘವಾದ ಇತಿಹಾಸವಿದೆ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅದರ ಸ್ವಯಂಸೇವಕರು ಶಿಸ್ತಿಗೆ ಹೆಸರಾದರು. ಕರ್ನಾಟಕದ ಶಾಲೆಗಳಲ್ಲಿರುವ ಭಾರತ ಸೇವಾದಳಕ್ಕೆ ಅದೇ ಮೂಲ. ಇಂಗ್ಲೆಂಡಿನಲ್ಲಿ 1907ರಲ್ಲಿ ಬೇಡನ್ ಪೊವೆಲ್ ನಡೆಸಿದ ಶಿಬಿರದಿಂದ ಆರಂಭವಾದ ಸ್ಕೌಟು ಚಳುವಳಿ ನಮ್ಮ ದೇಶದಲ್ಲಿ 1950ರ ನವೆಂಬರ್ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾಯಿತು. ಈ ಶತಮಾನದ ಆರಂಭದಲ್ಲಿ ಪರಿಸರ ಸಂಘಗಳು ಇವುಗಳೊಡನೆ ಸೇರಿದವು.

ಚಿಕ್ಕ ಸಂಘವೊಂದು ದೊಡ್ಡ ಕೆಲಸ ಮಾಡಿದ ನಿದರ್ಶನ ಕನ್ನಡ ಸಾಹಿತ್ಯದಲ್ಲಿಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡಕ್ಕೆ ಹೆಚ್ಚಿನ ಮನ್ನಣೆ ಇಲ್ಲದ ದಿನಗಳಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿಯ ಕರ್ನಾಟಕ ಸಂಘವನ್ನು ಬೆಳೆಸಿದರು. 1919ರಲ್ಲಿ ಆ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಬಂದಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದರ ಪ್ರಕಟಣೆಯನ್ನು ವಹಿಸಿಕೊಂಡಿತು. ಹೊಸಬರ ಬರಹಕ್ಕೆ ಜಾಗವೊಂದನ್ನು ಕಲ್ಪಿಸಿಕೊಟ್ಟುದೇ ಆ ಸಂಘದ ದೊಡ್ಡ ಸಾಧನೆ. ಪ್ರೌಢಶಾಲೆಯ ಗೋಡೆಪತ್ರಿಕೆಯೂ ಇದೇ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ. ಹಾಸ್ಯ ಸಾಹಿತಿ ಬೀchiಯವರು 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪನವರು ಹುಟ್ಟಿದ್ದು ಕೊಟ್ಟೂರಿನಲ್ಲಿ. ಈ ಸೀಮೆಯ ಆಡುಮಾತು ಕುಂ. ವೀ.ಯವರ ಕಥೆ ಕಾದಂಬರಿಗಳಲ್ಲಿ ನಾಡಿಗೆಲ್ಲ ಪರಿಚಯವಾಯಿತು. ಮನೆಯ ಮಾತಿನಲ್ಲಿ ಒಂದು ಪುಟ ಬರೆದು ಗೋಡೆಗೆ ಅಂಟಿಸಲು ನಾಚುವ ವಿದ್ಯಾರ್ಥಿಗೆ ಇದಕ್ಕಿಂತ ಬೇರೆ ಧೈರ್ಯ ಬೇಕಿಲ್ಲ.

ಸಂಘಗಳಲ್ಲಿ ‘ಗೌರವ ಸಂಘ’ ಎಂಬ ಇನ್ನೊಂದು ಬಗೆಯಿದೆ. ಅಮೆರಿಕದಲ್ಲಿ 1921ರಲ್ಲಿ ಪ್ರೌಢಶಾಲೆಗಳ ಮುಖ್ಯಸ್ಥರ ಸಂಸ್ಥೆಯು ‘ನ್ಯಾಷನಲ್ ಆನರ್ ಸೊಸೈಟಿ’ಯನ್ನು ಸ್ಥಾಪಿಸಿತು. ವಿದ್ವತ್ತು, ಸೇವೆ, ನಾಯಕತ್ವ, ಶೀಲ ಇವು ಅದರ ನಾಲ್ಕು ಕಂಬಗಳು. ಆದರೆ ಗೊತ್ತಾದ ಮಟ್ಟದ ಅಂಕಗಳನ್ನು ಪಡೆದವರನ್ನು ಮಾತ್ರ ಉಳಿದ ಮೂರು ಗುಣಗಳಿಗಾಗಿ ಪರಿಶೀಲಿಸುತ್ತಾರೆ. ಅಂದರೆ ಬಾಗಿಲಲ್ಲಿ ನಿಂತಿರುವುದು ಅಂಕಪಟ್ಟಿ. ನಮ್ಮ ಶಾಲೆಗಳಲ್ಲಿ ಆ ಹೆಸರಿನ ಸಂಘಗಳು ಇಲ್ಲದಿದ್ದರೂ ಆ ಮನೋಭಾವ ಅಪರಿಚಿತವಲ್ಲ. ತರಗತಿಗೆ ಮೊದಲಿಗನಾದವನೇ ಕಾರ್ಯದರ್ಶಿ, ಅವನೇ ಚರ್ಚಾಸ್ಪರ್ಧೆಯ ಪ್ರತಿನಿಧಿ, ಅವನ ಅಂಗಿಯ ಮೇಲೆಯೇ ಬಿಲ್ಲೆ. ಉಳಿದವರು ಚಪ್ಪಾಳೆ ತಟ್ಟುವವರು.

ಇದರಿಂದ ಯಾರಿಗೆ ನಷ್ಟವೆಂಬುದನ್ನು ಯೋಚಿಸಬೇಕು. ಈ ಐದು ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿದ ಹೊಲಗಳು ಬಹಳ. ಮಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ತಂದೆತಾಯಿಗಳು ದೂರದ ಊರಿಗೆ ದುಡಿಯಲು ಹೋದಾಗ ಅಜ್ಜಿಯೊಡನೆ ಉಳಿದು, ತಮ್ಮನನ್ನು ನೋಡಿಕೊಂಡು, ಮೊದಲ ಬಸ್ಸಿಗೆ ಶಾಲೆಗೆ ಬರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಅಂಕಗಳು ಮಧ್ಯಮವಾಗಿರಬಹುದು. ಆದರೆ ಮನೆಯ ಖರ್ಚನ್ನು ತೂಗಿಸುವುದು, ಹೊತ್ತನ್ನು ಹೊಂದಿಸುವುದು, ಹಿರಿಯರೊಡನೆ ಮಾತನಾಡಿ ಕೆಲಸ ಸಾಧಿಸುವುದು ಅವಳಿಗೆ ಆಗಲೇ ಕರಗತವಾಗಿವೆ. ಸಂಘದ ಖಜಾಂಚಿಗೆ ಬೇಕಾದ ಗುಣಗಳು ಇವೇ ಅಲ್ಲವೇ? ಅವಳನ್ನು ಹೊರಗಿಟ್ಟ ಸಂಘ ತನಗೆ ಅಗತ್ಯವಾದವಳನ್ನೇ ಕಳೆದುಕೊಳ್ಳುತ್ತದೆ. ‘ಈ ಶಾಲೆ ನನ್ನದೂ ಹೌದು’ ಎಂಬ ಭಾವನೆಯನ್ನು ಅವಳು ಕಳೆದುಕೊಳ್ಳುತ್ತಾಳೆ. ಇಂಥ ಮಕ್ಕಳು ಶಾಲೆಯನ್ನೇ ಬಿಟ್ಟುಹೋಗದಂತೆ ಹಿಡಿದು ನಿಲ್ಲಿಸುವ ಎಳೆಗಳಲ್ಲಿ ಈ ಭಾವನೆಯೂ ಒಂದು. ಶುಲ್ಕ ತೆತ್ತು ಓದುವ ಖಾಸಗಿ ಶಾಲೆಗಳಲ್ಲಂತೂ ಈ ಎಚ್ಚರ ಹೆಚ್ಚಾಗಿ ಬೇಕು. ಅಲ್ಲಿ ಸಂಘದ ಸಮವಸ್ತ್ರ, ಶಿಬಿರದ ವೆಚ್ಚಗಳೂ ಬಡವರ ಮಕ್ಕಳಿಗೆ ಬಾಗಿಲು ಮುಚ್ಚಬಹುದು.

ಹಾಗಾದರೆ ಗೌರವವೇ ಬೇಡವೆಂದು ಅರ್ಥವಲ್ಲ. ಗೌರವ ಬೇಕು, ಅದು ಕೆಲಸದ ಹಿಂದೆ ಬರಬೇಕು. ಸ್ಕೌಟು ಪದ್ಧತಿಯಲ್ಲಿ ಇದಕ್ಕೆ ಒಳ್ಳೆಯ ಮಾದರಿಯಿದೆ. ಪ್ರವೇಶ ಪಡೆದ ಬಾಲಕ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಒಂದೊಂದಾಗಿ ಏರಿ ರಾಜ್ಯ ಪುರಸ್ಕಾರವನ್ನೂ ರಾಷ್ಟ್ರಪತಿ ಪುರಸ್ಕಾರವನ್ನೂ ಪಡೆಯಬಹುದು. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಶಿಬಿರ ಜೀವನ, ಸೇವೆ ಇವೇ ಅಲ್ಲಿಯ ಪರೀಕ್ಷೆಗಳು. ಬಾಗಿಲು ಎಲ್ಲರಿಗೂ ತೆರೆದಿದೆ. ಮೆಟ್ಟಿಲು ಮಾತ್ರ ದುಡಿದವರಿಗೆ.

ಈ ಸೀಮೆಯಲ್ಲಿ ಸಂಘಗಳಿಗೆ ಕೆಲಸದ ಬರವಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಸುಮಾರು 98 ಹೆಕ್ಟೇರಿನಷ್ಟು ಹರಡಿದೆ. ಅಲ್ಲಿಯ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾದ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಪರಿಸರ ಸಂಘವೊಂದು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಬಂದ ಹಕ್ಕಿಗಳನ್ನು ಎಣಿಸಿ ದಾಖಲಿಸಿದರೆ ವರ್ಷದ ಕೊನೆಗೆ ಅದೇ ಒಂದು ಪುಸ್ತಕವಾಗುತ್ತದೆ. ಕೂಡ್ಲಿಗಿಯ ವಿಜ್ಞಾನ ಸಂಘ ಮಳೆಯ ಅಳತೆಯನ್ನು ದಿನವೂ ಬರೆದಿಡಬಹುದು. ಹರಪನಹಳ್ಳಿಯ ಇತಿಹಾಸ ಸಂಘ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಿಲ್ಪಗಳನ್ನು ಪಟ್ಟಿ ಮಾಡಬಹುದು. ಹಡಗಲಿಯ ಸಂಘ ಮಲ್ಲಿಗೆ ಬೆಳೆಗಾರರ ಅನುಭವಗಳನ್ನು ಕೇಳಿ ಬರೆಯಬಹುದು. ಇವುಗಳಲ್ಲಿ ಯಾವುದಕ್ಕೂ ಮೊದಲ ದರ್ಜೆಯ ಅಂಕ ಬೇಕಿಲ್ಲ. ತಪ್ಪದೆ ಮಾಡುವ ನಿಷ್ಠೆ ಬೇಕು.

ಆದರೆ ಎಷ್ಟೋ ಸಂಘಗಳಿಗೆ ಎರಡೇ ಹಬ್ಬಗಳು. ವರ್ಷದ ಆರಂಭದಲ್ಲಿ ದೀಪ ಬೆಳಗಿ ಉದ್ಘಾಟನೆ. ಕೊನೆಯಲ್ಲಿ ಹಾರ ಹಾಕಿ ಸಮಾರೋಪ. ನಡುವಿನ ತಿಂಗಳುಗಳಲ್ಲಿ ನಡಾವಳಿ ಪುಸ್ತಕ ಬರಿದಾಗಿರುತ್ತದೆ. ಸಂಘವೊಂದರ ಬೆಲೆಯನ್ನು ತಿಳಿಯಬೇಕಾದರೆ ಅದರ ವೇದಿಕೆಯನ್ನು ನೋಡಬಾರದು, ಆ ಪುಸ್ತಕವನ್ನು ತೆರೆದು ನೋಡಬೇಕು. ಅದರಲ್ಲಿ ಎಷ್ಟು ಸಭೆಗಳು, ಎಷ್ಟು ಬಗೆಯ ಕೈಬರಹಗಳು ಇವೆಯೋ ಅಷ್ಟೇ ಆ ಸಂಘದ ಆಯುಸ್ಸು.

ಕೊಟ್ಟೂರಿನ ಗುರು ಬಸವೇಶ್ವರನ ತೇರನ್ನು ಎಳೆಯುವಾಗ ಹಗ್ಗ ಹಿಡಿದವರನ್ನು ‘ನೀನು ಯಾವ ದರ್ಜೆಯಲ್ಲಿ ಪಾಸಾದೆ?’ ಎಂದು ಯಾರೂ ಕೇಳುವುದಿಲ್ಲ. ಕಳಸವನ್ನು ಎಲ್ಲರೂ ನೋಡುತ್ತಾರೆ. ಗಾಲಿಯ ಬಳಿ ಬಾಗಿ, ಮರದ ತುಂಡು ಕೊಟ್ಟು ತೇರಿನ ದಾರಿ ತಿದ್ದುವವರು ಕಣ್ಣಿಗೆ ಬೀಳುವುದು ಕಡಿಮೆ. ಅವರಿಲ್ಲದೆ ತೇರು ನೆಟ್ಟಗೆ ಸಾಗದು. ಶಾಲೆಯ ಸಂಘದಲ್ಲಿಯೂ ಇಂಥವರಿರುತ್ತಾರೆ. ಕುರ್ಚಿ ಜೋಡಿಸಿದವರು, ಲೆಕ್ಕ ಬರೆದವರು, ನಾಚುವ ಗೆಳತಿಯನ್ನು ಮೊದಲ ಸಲ ವೇದಿಕೆಗೆ ಹತ್ತಿಸಿದವರು ಅವರೇ. ಬಿಲ್ಲೆ ಕೊಡುವ ದಿನ ಅವರ ಹೆಸರನ್ನೂ ಕರೆಯುವ ಶಾಲೆಯಲ್ಲಿ ಗೌರವವೆಂಬ ಮಾತಿಗೆ ತೂಕವಿರುತ್ತದೆ.